ಇನ್ನೊಂದು ಮೈಕ್ ತಗೊಂಡರೆ ಹಾಡು ಮುಗಿಯುತ್ತಾ?

ಪ್ರಶ್ನೆ: ನನಗೆ 36 ವರ್ಷ. ಆಫೀಸ್ ಕೆಲಸದ ಜೊತೆಗೆ ಗಿಟಾರ್ ನುಡಿಸುತ್ತೇನೆ, ಹಾಡು ಕಟ್ಟುತ್ತೇನೆ, ಮನೆಯಲ್ಲೇ ರೆಕಾರ್ಡ್ ಮಾಡುತ್ತೇನೆ. ಆರು ವರ್ಷದ ಹಿಂದೆ ಶುರು ಮಾಡಿದಾಗ ಒಂದು ಅಕೂಸ್ಟಿಕ್ ಗಿಟಾರ್, ಒಂದು ಮೈಕ್, ಅದನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಆಡಿಯೊ ಇಂಟರ್ಫೇಸ್ ಇತ್ತು. ಈಗ ನಾಲ್ಕು ಗಿಟಾರ್, ಎರಡು ಕೀಬೋರ್ಡ್, ಗಿಟಾರಿನ ಶಬ್ದ ಬದಲಿಸುವ ಹತ್ತಕ್ಕೂ ಜಾಸ್ತಿ ಪೆಡಲ್, ಮೂರು ಮೈಕ್ ಇವೆ. ಕಂಪ್ಯೂಟರಿನಲ್ಲಿ ಶಬ್ದ ತಿದ್ದುವ ಪ್ಲಗಿನ್‌ಗಳಿಗಂತೂ ಲೆಕ್ಕವೇ ಇಲ್ಲ. ಆದರೆ ಎರಡು ವರ್ಷದಿಂದ ಒಂದು ಹಾಡನ್ನೂ ಪೂರ್ತಿ ಮುಗಿಸಿಲ್ಲ. ರಾತ್ರಿ ಅಭ್ಯಾಸಕ್ಕೆ ಅಂತ ಕೂತರೆ ರಿವ್ಯೂ ವೀಡಿಯೊ ನೋಡುತ್ತಲೇ ಹನ್ನೆರಡು ಗಂಟೆಯಾಗುತ್ತದೆ. ನನ್ನ ಧ್ವನಿ ರೆಕಾರ್ಡಿಂಗಿನಲ್ಲಿ ಡಬ್ಬದೊಳಗೆ ಹಾಡಿದ ಹಾಗೆ ಕೇಳಿಸುತ್ತದೆ. ಅದಕ್ಕಾಗಿ ಒಂದು ಒಳ್ಳೆಯ ಕಂಡೆನ್ಸರ್ ಮೈಕ್ ನೋಡಿಟ್ಟಿದ್ದೇನೆ. ಕಳೆದ ಎರಡು ಸಲ ಬಂದ ಪೆಟ್ಟಿಗೆಗಳನ್ನು ಹೆಂಡತಿಗೆ ಕಾಣದ ಹಾಗೆ ಕಾರಿನಲ್ಲೇ ಇಟ್ಟಿದ್ದೆ. ಒಂದರ ಕಂತು ಇನ್ನೂ ಕಟ್ಟುತ್ತಿದ್ದೇನೆ. ಇದು ಚಟವಾ? ಎಲ್ಲ ಮಾರಿ ಒಂದೇ ಗಿಟಾರ್ ಇಟ್ಟುಕೊಳ್ಳಲಾ? ಅಥವಾ ಈ ಮೈಕ್ ಒಂದು ತಗೊಂಡು ಆಮೇಲೆ ನಿಲ್ಲಿಸಲಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ತೊಂದರೆಗಳು ಗಂಟು ಬಿದ್ದಿವೆ. ಧ್ವನಿ ಚೆನ್ನಾಗಿ ಬರುತ್ತಿಲ್ಲ. ಹಾಡು ಮುಗಿಯುತ್ತಿಲ್ಲ. ಖರೀದಿ ಕೈಮೀರುತ್ತಿದೆಯಾ ಅಂತ ಭಯವಾಗುತ್ತಿದೆ. ಈ ಮೂರಕ್ಕೂ ಆ ಮೈಕೇ ಮದ್ದು ಅಂತ ನಿಮಗೆ ಅನಿಸುತ್ತಿದೆ. ನಾನು ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಎಂಜಿನಿಯರ್. ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ಪಾಠವನ್ನೂ ಹೇಳಿಕೊಡುತ್ತೇನೆ. ಇದೇ ಗಂಟು ಹೊತ್ತುಕೊಂಡು ಬರುವವರು ತುಂಬಾ ಜನ. ನೀವು ಸೋಮಾರಿಯೂ ಅಲ್ಲ, ದುಂದುಗಾರರೂ ಅಲ್ಲ. ಸಂಗೀತದ ಮೇಲೆ ಆಸೆ ಇಲ್ಲದವರಿಗೆ ಈ ತೊಂದರೆ ಬರುವುದೇ ಇಲ್ಲ.

ಗಂಟು ಬಿಡಿಸೋಣ. ಮೊದಲು ಧ್ವನಿ. ಅದಕ್ಕೆ ಉತ್ತರ ಸುಲಭ, ಮತ್ತು ಅಲ್ಲಿಂದ ಉಳಿದದ್ದೂ ಸ್ವಲ್ಪ ಬಿಡಿಸಿಕೊಳ್ಳುತ್ತದೆ.

ಡಬ್ಬದೊಳಗೆ ಹಾಡಿದ ಹಾಗೆ ಕೇಳಿಸುವುದಕ್ಕೆ ಕಾರಣ ಬಹುಮಟ್ಟಿಗೆ ಕೋಣೆ. ನೀವು ಹಾಡಿದ ಶಬ್ದ ನೇರವಾಗಿಯೂ ಮೈಕಿಗೆ ಹೋಗುತ್ತದೆ, ಗೋಡೆ, ಕಿಟಕಿ ಗಾಜು, ನೆಲಕ್ಕೆ ಬಡಿದು ಸ್ವಲ್ಪ ತಡವಾಗಿಯೂ ಹೋಗುತ್ತದೆ. ಚಿಕ್ಕ ಕೋಣೆಯಲ್ಲಿ ಈ ತಡ ಎಷ್ಟು ಕಡಿಮೆ ಅಂದರೆ ಅದು ಪ್ರತಿಧ್ವನಿಯಾಗಿ ಬೇರೆ ಕೇಳುವುದಿಲ್ಲ. ಧ್ವನಿಯ ಬಣ್ಣವನ್ನೇ ಕೆಡಿಸುತ್ತದೆ. ಆ ಡಬ್ಬದ ಗುಣ ಸಾಮಾನ್ಯವಾಗಿ 300ರಿಂದ 600 ಹರ್ಟ್ಸ್ ಆಸುಪಾಸಿನಲ್ಲಿ ಸೇರಿಕೊಂಡಿರುತ್ತದೆ. ಹೊಸ ಮೈಕ್ ಬಂದರೂ ಕೋಣೆ ಹಳೆಯದೇ ಅಲ್ವಾ? ಒಳ್ಳೆಯ ಕಂಡೆನ್ಸರ್ ಮೈಕ್ ಆ ಕೋಣೆಯನ್ನು ಇನ್ನೂ ಸ್ಪಷ್ಟವಾಗಿ ರೆಕಾರ್ಡ್ ಮಾಡಿಕೊಡುತ್ತದೆ, ಅಷ್ಟೇ.

ಹಾಗಾದರೆ ಏನು ಮಾಡಬೇಕು? ಹತ್ತಿರ ಹೋಗಿ. ಬಾಯಿಗೂ ಮೈಕಿಗೂ ಇರುವ ದೂರವನ್ನು ಅರ್ಧ ಮಾಡಿದರೆ ನೇರವಾಗಿ ಬರುವ ಶಬ್ದ ಸುಮಾರು 6 ಡೆಸಿಬೆಲ್ ಏರುತ್ತದೆ. ಗೋಡೆಯಿಂದ ತಿರುಗಿ ಬರುವ ಶಬ್ದ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಅಂದರೆ 60 ಸೆಂಟಿಮೀಟರ್ ದೂರದಿಂದ 15 ಸೆಂಟಿಮೀಟರಿಗೆ ಬಂದರೆ ಕೋಣೆಯ ಎದುರು ನಿಮ್ಮ ಧ್ವನಿಗೆ 12 ಡೆಸಿಬೆಲ್ ಲಾಭ. ಮೈಕ್ ಬದಲಾಯಿಸಿ ಇಷ್ಟು ದೊಡ್ಡ ವ್ಯತ್ಯಾಸ ತರುವುದು ಕಷ್ಟ. ಹತ್ತಿರ ಹೋದಾಗ ಎರಡು ತೊಂದರೆ ಬರುತ್ತವೆ. ಒಂದು ದಿಕ್ಕಿಗೆ ಮಾತ್ರ ಕಿವಿಗೊಡುವ ಮೈಕ್‌ಗಳಲ್ಲಿ ಕೆಳಗಿನ ಸ್ವರ ಉಬ್ಬುತ್ತದೆ. ಅದಕ್ಕೆ 80ರಿಂದ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಈಕ್ಯೂನಲ್ಲಿ (ಮೇಲಿನ, ಕೆಳಗಿನ ಸ್ವರಗಳ ಮಟ್ಟ ಏರಿಳಿಸುವ ಸಾಧನ) ಕತ್ತರಿಸಿ. ಇನ್ನೊಂದು, ಪ, ಬ ಅಕ್ಷರಗಳಲ್ಲಿ ಗಾಳಿ ಹೊಡೆಯುತ್ತದೆ. ಮೈಕನ್ನು ಬಾಯಿಗೆ ನೇರವಾಗಿ ಹಿಡಿಯದೆ ಸ್ವಲ್ಪ ಓರೆಯಾಗಿ ನಿಲ್ಲಿಸಿ.

ಆಮೇಲೆ, ಕಂಬಳಿ ತೂಗುಹಾಕುವವರು ಬಹಳ ಜನ ಅದನ್ನು ಮೈಕಿನ ಹಿಂದೆ ಹಾಕುತ್ತಾರೆ. ಕಾರ್ಡಿಯಾಯ್ಡ್ ಮೈಕ್, ಅಂದರೆ ಆ ಒಂದು ದಿಕ್ಕಿನ ಮೈಕ್, ತನ್ನ ಬೆನ್ನಿನ ಕಡೆಯದನ್ನು ಅಷ್ಟಾಗಿ ಕೇಳುವುದಿಲ್ಲ. ಅದು ಕೇಳುವುದು ನಿಮ್ಮನ್ನು, ಮತ್ತು ನಿಮ್ಮ ಬೆನ್ನ ಹಿಂದಿನ ಗೋಡೆಯನ್ನು. ಹಾಗಾಗಿ ದಪ್ಪ ಕಂಬಳಿ ನಿಮ್ಮ ಹಿಂದೆ ಇರಲಿ, ಗೋಡೆಯಿಂದ ಒಂದು ಗೇಣು ಬಿಟ್ಟು. ಬಟ್ಟೆ ತುಂಬಿದ ಬೀರು ಇದ್ದರೆ ಬಾಗಿಲು ತೆಗೆದು ಅದಕ್ಕೆ ಬೆನ್ನು ಹಾಕಿ ನಿಂತು ಹಾಡಿ. ಇದರಿಂದ ಮೇಲಿನ ಮತ್ತು ನಡುವಿನ ಸ್ವರಗಳು ಹಿಡಿತಕ್ಕೆ ಬರುತ್ತವೆ. ಬೇಸ್ ಬರುವುದಿಲ್ಲ. 100 ಹರ್ಟ್ಸ್ ಅಲೆಯ ಉದ್ದವೇ ಸುಮಾರು 3.4 ಮೀಟರ್, ಅದನ್ನು ಕಂಬಳಿ ತಡೆಯಲಾರದು. ಆದರೆ ಒಬ್ಬರ ಹಾಡಿಗೆ ಅದು ದೊಡ್ಡ ಅಡ್ಡಿಯಲ್ಲ.

ಇಷ್ಟು ಮಾಡಿ, ಇರುವ ಮೂರು ಮೈಕ್‌ನಲ್ಲಿ ಒಂದೇ ಹಾಡಿನ ಒಂದೇ ಚರಣವನ್ನು ರೆಕಾರ್ಡ್ ಮಾಡಿ. ಮೂರರ ವಾಲ್ಯೂಮ್ ಒಂದೇ ಮಟ್ಟಕ್ಕೆ ತನ್ನಿ. ಯಾವುದು ಯಾವುದು ಅಂತ ಗೊತ್ತಾಗದ ಹಾಗೆ ಬೇರೆಯವರ ಕೈಲಿ ಹಾಕಿಸಿಕೊಂಡು ಕೇಳಿ. ನಿಮಗೆ ಒಪ್ಪುವ ಮೈಕ್ ಆಗಲೇ ಮನೆಯಲ್ಲಿರುವ ಸಾಧ್ಯತೆ ಬಹಳ.

ಗಿಟಾರ್‌ಗೂ ಇದೇ ಮಾತು. "ಶಬ್ದ ಸಪ್ಪೆಯಾಗಿದೆ, ಹೊಸ ಗಿಟಾರ್ ಬೇಕು" ಅಂತ ಬರುವವರ ವಾದ್ಯ ನೋಡಿದರೆ ತಂತಿಗಳಿಗೆ ತುಕ್ಕು ಹಿಡಿದಿರುತ್ತದೆ. "ಬೆರಳು ನೋಯುತ್ತದೆ" ಅನ್ನುವವರ ಗಿಟಾರಿನಲ್ಲಿ ತಂತಿ ಫ್ರೆಟ್ಟಿನಿಂದ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) ಎತ್ತರಕ್ಕೆ ನಿಂತಿರುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ 12ನೇ ಫ್ರೆಟ್ ಹತ್ತಿರ ದಪ್ಪ ತಂತಿಯ ಎತ್ತರ ಸುಮಾರು 2 ಮಿಲಿಮೀಟರ್ ಇದ್ದರೆ ಬಹಳ ಜನಕ್ಕೆ ಹಿತ. "ಮೇಲಿನ ಸ್ವರಗಳಲ್ಲಿ ಶ್ರುತಿ ನಿಲ್ಲುವುದಿಲ್ಲ" ಅಂದರೆ 12ನೇ ಫ್ರೆಟ್ಟಿನ ಹಾರ್ಮೋನಿಕ್ಕನ್ನೂ (ತಂತಿಯನ್ನು ಒತ್ತದೆ ಮೆಲ್ಲಗೆ ಮುಟ್ಟಿ ಬಾರಿಸುವ ಸ್ವರ) ಅಲ್ಲೇ ಒತ್ತಿ ಬಾರಿಸಿದ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ, ತಂತಿಯ ಕೆಳತುದಿಯನ್ನು ಹೊರುವ ಸ್ಯಾಡಲ್ ಹಿಂದಕ್ಕೆ ಸರಿಯಬೇಕು. ಇದೆಲ್ಲ ಸೆಟಪ್ ಕೆಲಸ. ಗಿಟಾರ್ ರಿಪೇರಿ ಗೊತ್ತಿದ್ದವರು ಕೂತರೆ ಒಂದೇ ಸಲಕ್ಕೆ ಮುಗಿಸುತ್ತಾರೆ. ರೆಕಾರ್ಡ್ ಮಾಡುವಾಗ ಹೆಡ್‌ಫೋನಿನಲ್ಲಿ ಸ್ವರ ತಡವಾಗಿ ಬರುತ್ತದೆ ಅಂತ ಹೊಸ ಇಂಟರ್ಫೇಸ್ ಹುಡುಕುವವರದ್ದೂ ಇದೇ ಕಥೆ. ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಶಬ್ದದ ತುಣುಕುಗಳ ಸಂಖ್ಯೆ, 1024ರಲ್ಲಿ ಇರುತ್ತದೆ. 44.1 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 44,100 ತುಣುಕು) ಅದೊಂದೇ 23 ಮಿಲಿಸೆಕೆಂಡ್ ತಿನ್ನುತ್ತದೆ. 128ಕ್ಕೆ ಇಳಿಸಿದರೆ 3 ಮಿಲಿಸೆಕೆಂಡ್ ಕೂಡ ಆಗುವುದಿಲ್ಲ.

ಇದನ್ನೆಲ್ಲ ಇಷ್ಟು ಉದ್ದಕ್ಕೆ ಹೇಳಿದ್ದು ಯಾಕೆ ಅಂದರೆ, ನನಗೆ ಗೊತ್ತಿರುವ ಮಟ್ಟಿಗೆ ಕೊಳ್ಳುವ ಆಸೆಗೆ ಒಳ್ಳೆಯ ಮದ್ದು ಇದೇ. "ನನಗೆ ಏನು ಬೇಕು" ಅಂತ ಕೇಳಿದರೆ ಮನಸ್ಸು ಒಂದು ವಸ್ತುವಿನ ಹೆಸರು ಹೇಳುತ್ತದೆ. "ಯಾವ ಹಾಡಿನ ಯಾವ ಜಾಗದಲ್ಲಿ ಏನು ತಪ್ಪು ಕೇಳಿಸುತ್ತಿದೆ" ಅಂತ ಕೇಳಿದರೆ ಉತ್ತರ ಬೇರೆ ಬರುತ್ತದೆ. ಕೆಲವು ಸಲ ಅದು ತಂತಿ, ಕೆಲವು ಸಲ ಕೋಣೆ. ತುಂಬಾ ಸಲ ನಮ್ಮ ಕೈ, ಗಂಟಲು, ಲಯ. ಆ ಕೊನೆಯ ಉತ್ತರವನ್ನು ಒಪ್ಪಿಕೊಳ್ಳುವುದು ನೋವಿನ ಕೆಲಸ. ಯಾಕಂದರೆ ಅದಕ್ಕೆ ಪೆಟ್ಟಿಗೆಯಲ್ಲಿ ಬರುವ ಪರಿಹಾರವಿಲ್ಲ.

ಈಗ ಕೆಲವು ನಂಬಿಕೆಗಳನ್ನು ನೋಡೋಣ.

"ದೊಡ್ಡ ಸ್ಟುಡಿಯೋಗಳಲ್ಲಿ ಅಷ್ಟೊಂದು ಮೈಕ್ ಇರುತ್ತವಲ್ಲ" ಅಂತ ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಇರುತ್ತವೆ, ನಿಜ. ಸ್ಟುಡಿಯೋಗೆ ಇವತ್ತು ಒಬ್ಬರು ಗಾಯಕರು ಬರುತ್ತಾರೆ, ನಾಳೆ ಕೊಳಲು, ನಾಡಿದ್ದು ಡ್ರಮ್ಸ್. ಯಾರು ಬರುತ್ತಾರೋ ಅವರಿಗೆ ಹೊಂದುವುದು ಕೈಗೆ ಸಿಗಬೇಕು. ನಿಮ್ಮ ಮನೆಯಲ್ಲಿ ಹಾಡುವ ಗಂಟಲು ಒಂದೇ. ಅದಕ್ಕೆ ಹೊಂದುವ ಮೈಕ್ ಒಂದು ಸಿಕ್ಕರೆ ಆ ಹುಡುಕಾಟ ಅಲ್ಲಿಗೆ ಮುಗಿಯಿತು.

"ಡೆಮೋದಲ್ಲಿ ಎಷ್ಟು ಚೆನ್ನಾಗಿ ಕೇಳಿಸಿತು!" ಅನ್ನುವುದು ಇನ್ನೊಂದು. ಡೆಮೋ ನುಡಿಸುವವರು ಸಾಮಾನ್ಯವಾಗಿ ಪಳಗಿದ ಕೈಯವರು. ಅವರ ಕೋಣೆ ಶಬ್ದಕ್ಕಾಗಿ ಸಿದ್ಧ ಮಾಡಿದ್ದು, ಮೇಲೆ ಮಿಕ್ಸಿಂಗ್ (ಟ್ರ್ಯಾಕ್‌ಗಳನ್ನು ಹದವಾಗಿ ಸೇರಿಸುವುದು) ಬೇರೆ ಆಗಿರುತ್ತದೆ. ಇದರ ಜೊತೆಗೆ ಕಿವಿಯ ಒಂದು ಗುಣವೂ ಇದೆ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಸಂಶೋಧಕರು ಅಳೆದು ತೋರಿಸಿದ್ದು ಇದು: ಶಬ್ದ ಸಣ್ಣದಿದ್ದಾಗ ನಮ್ಮ ಕಿವಿಗೆ ಬೇಸ್ ಸರಿಯಾಗಿ ಕೇಳುವುದಿಲ್ಲ, ಜೋರಾದ ಹಾಗೆ ಅದು ತುಂಬಿಕೊಳ್ಳುತ್ತದೆ. ಹಾಗಾಗಿ ಎರಡು ಪೆಡಲ್, ಎರಡು ಪ್ಲಗಿನ್ ಹೋಲಿಸುವಾಗ ಒಂದು ಚೂರೇ ಚೂರು ಜೋರಾಗಿದ್ದರೂ ಅದೇ "ತುಂಬಿದ ಹಾಗೆ, ಜೀವಂತವಾಗಿ" ಕೇಳಿಸುತ್ತದೆ. ಅದು ಜೋರು ಅಂತ ನಮಗೆ ಅನಿಸುವುದಿಲ್ಲ, ಒಳ್ಳೆಯದು ಅಂತ ಅನಿಸುತ್ತದೆ. ವಾಲ್ಯೂಮ್ ಸರಿಸಮ ಮಾಡದೆ ಮಾಡಿದ ಯಾವ ಹೋಲಿಕೆಯನ್ನೂ ನಾನು ನಂಬುವುದಿಲ್ಲ, ನನ್ನದೇ ಹೋಲಿಕೆಯಾದರೂ ಸರಿ.

ಮೂರನೆಯ ನಂಬಿಕೆ, ಹೆಸರಿರುವ ಹಳೆಯ ವಾದ್ಯದಲ್ಲಿ ಏನೋ ಇದೆ ಅನ್ನುವುದು. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಕ್ಲಾಡಿಯಾ ಫ್ರಿಟ್ಜ್ ಮತ್ತು ಸಂಗಡಿಗರು 21 ಜನ ಅನುಭವಿ ಪಿಟೀಲು ವಾದಕರಿಗೆ ಆರು ಪಿಟೀಲು ಕೊಟ್ಟು ನುಡಿಸಿ ನೋಡಲು ಹೇಳಿದರು. ಮೂರು ಹೊಸವು. ಉಳಿದ ಮೂರು ಇಟಲಿಯ ಹೆಸರಾಂತ ಹಳೆಯ ಪಿಟೀಲುಗಳು: ಎರಡು ಸ್ಟ್ರಾಡಿವೇರಿಯಸ್, ಒಂದು ಗ್ವಾರ್ನೇರಿ. ಕೋಣೆಯ ಬೆಳಕು ಮಂದ, ವಾದಕರ ಕಣ್ಣಿಗೆ ಕಪ್ಪು ಕನ್ನಡಕ. ಎಲ್ಲಕ್ಕಿಂತ ಹೆಚ್ಚು ಜನ ಮೆಚ್ಚಿದ್ದು ಒಂದು ಹೊಸ ಪಿಟೀಲನ್ನು. ಎಲ್ಲಕ್ಕಿಂತ ಕಡಿಮೆ ಮೆಚ್ಚಿಗೆ ಸಿಕ್ಕಿದ್ದು ಒಂದು ಸ್ಟ್ರಾಡಿವೇರಿಯಸ್‌ಗೆ. ಯಾವುದು ಹಳೆಯದು, ಯಾವುದು ಹೊಸದು ಅಂತ ಬಹಳ ಜನಕ್ಕೆ ಹೇಳಲಾಗಲಿಲ್ಲ. ಎಲ್ಲ ಪಿಟೀಲೂ ಒಂದೇ ಅಂತ ಇದರ ಅರ್ಥವಲ್ಲ. ವಾದಕರಿಗೆ ಅವುಗಳ ನಡುವೆ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಯಿತು. ಆದರೆ ಆ ವ್ಯತ್ಯಾಸ ಹೆಸರನ್ನೂ ವಯಸ್ಸನ್ನೂ ಹಿಂಬಾಲಿಸಿ ಬರಲಿಲ್ಲ.

ಸರಿ, ಇದೆಲ್ಲ ಗೊತ್ತಿದ್ದೂ ಆಸೆ ಯಾಕೆ ಹೋಗುವುದಿಲ್ಲ?

ಈ ಆಸೆಗೆ ಸಂಗೀತಗಾರರ ನಡುವೆ "ಗೇರ್ ಅಕ್ವಿಸಿಷನ್ ಸಿಂಡ್ರೋಮ್", ಚುಟುಕಾಗಿ "ಗ್ಯಾಸ್" ಅನ್ನುವ ಹೆಸರಿದೆ. 1990ರ ದಶಕದಲ್ಲಿ ಅಮೆರಿಕದ ಸ್ಟೀಲಿ ಡ್ಯಾನ್ ರಾಕ್ ತಂಡದ ಗಿಟಾರ್ ವಾದಕ ವಾಲ್ಟರ್ ಬೆಕರ್ ಒಂದು ಗಿಟಾರ್ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಅದು ಹರಡಿತು. ಅವರು ಹೇಳಿದ್ದು ಗಿಟಾರ್ ಬಗ್ಗೆ. ಆಮೇಲೆ ಎಲ್ಲ ಸಾಮಾನಿಗೂ ಅಂಟಿಕೊಂಡಿತು. ಅದು ಯಾವ ವೈದ್ಯರೂ ಕೊಟ್ಟ ಕಾಯಿಲೆಯ ಹೆಸರಲ್ಲ. ಆ ಹೆಸರು ಕೇಳಿ "ನನಗೆ ಆ ಕಾಯಿಲೆ ಇದೆ" ಅಂತ ಅಂದುಕೊಳ್ಳಬೇಡಿ.

ಮಿದುಳಿನ ಕಡೆಯಿಂದ ಒಂದು ವಿಷಯ ಗೊತ್ತಿದೆ. 1990ರ ದಶಕದಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳ ಮಿದುಳಿನ ಡೋಪಮೈನ್ ಕೋಶಗಳನ್ನು ಗಮನಿಸಿದರು. ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಆ ಕೋಶಗಳು ಚುರುಕಾಗುತ್ತಿದ್ದವು. ರಸ ಬರುವ ಮುಂಚೆ ಒಂದು ಸೂಚನೆ ಬರುತ್ತದೆ ಅಂತ ಮಂಗಕ್ಕೆ ಗೊತ್ತಾದ ಮೇಲೆ, ಕೋಶಗಳು ಸೂಚನೆ ಸಿಕ್ಕಾಗಲೇ ಚುರುಕಾದವು. ರಸ ಬಂದಾಗ ಸುಮ್ಮನಿದ್ದವು. ಮಂಗದಿಂದ ನೇರವಾಗಿ ಗಿಟಾರಿಗೆ ಹಾರುವುದು ಸರಿಯಲ್ಲ. ಆದರೆ ನೀವು ಬರೆದದ್ದು ಇದಕ್ಕೆ ಹೊಂದುತ್ತದೆ. ರಿವ್ಯೂ ನೋಡುವಾಗ, ಹೋಲಿಸುವಾಗ, ಆರ್ಡರ್ ಎಲ್ಲಿಗೆ ಬಂತು ಅಂತ ನೋಡುವಾಗ ಇರುವ ಖುಷಿ, ಪೆಟ್ಟಿಗೆ ತೆರೆದ ವಾರಕ್ಕೆ ಇರುವುದಿಲ್ಲ. ಹಾಗಾಗಿ ಹುಡುಕಾಟ ಮತ್ತೆ ಶುರು. ಕೊಳ್ಳುವುದನ್ನು ಮಾತ್ರ ತಡೆದು ಹುಡುಕಾಟವನ್ನು ಹಾಗೇ ಬಿಟ್ಟರೆ ಯಾವ ನಿಯಮವೂ ಬಹಳ ದಿನ ನಿಲ್ಲದಿರುವುದು ಇದಕ್ಕೇ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣ ಇದೆ. ಪಾಠಕ್ಕೆ ಬರುವವರಲ್ಲಿ ನಾನು ಪದೇ ಪದೇ ನೋಡುವುದು ಅದನ್ನೇ. ಹಾಡು ಅರ್ಧಕ್ಕೆ ನಿಂತ ಕಡೆಯೇ ಆಸೆ ಹುಟ್ಟುತ್ತದೆ. ಪಲ್ಲವಿ ಬಂದಿರುತ್ತದೆ, ಎರಡನೇ ಚರಣ ಬರುವುದಿಲ್ಲ. ಟ್ರ್ಯಾಕ್‌ಗಳೆಲ್ಲ ಇರುತ್ತವೆ, ಮಿಕ್ಸ್ ಕೂಡಿಬರುವುದಿಲ್ಲ. ಹಾಡಿದ್ದು ತಾನು ಅಂದುಕೊಂಡ ಹಾಗೆ ಕೇಳುವುದಿಲ್ಲ. ಅಲ್ಲಿ ಕೂರುವುದು ಹಿಂಸೆ. ಆಗ ಕೈ ಫೋನಿಗೆ ಹೋಗುತ್ತದೆ. ಒಂದು ಪ್ರಿಆಂಪ್ (ಮೈಕಿನ ಸಣ್ಣ ಸಿಗ್ನಲ್ ಏರಿಸುವ ಸಾಧನ) ಬಗ್ಗೆ ಓದುವುದು ಸಂಗೀತದ ಕೆಲಸದ ಹಾಗೇ ಅನಿಸುತ್ತದೆ. ಸಿನಿಮಾ ನೋಡಿದ್ದರೆ ಸಮಯ ಹಾಳಾಯಿತು ಅಂತ ಗೊತ್ತಾಗುತ್ತಿತ್ತು. ಇಲ್ಲಿ ಅದು ಗೊತ್ತಾಗುವುದಿಲ್ಲ, ಯಾಕಂದರೆ ಏನೋ ಕಲಿತಿರುತ್ತೇವೆ, ಪದಗಳು ಬಾಯಿಗೆ ಬಂದಿರುತ್ತವೆ. ಮಾರನೇ ದಿನ ಎರಡನೇ ಚರಣ ಅಲ್ಲೇ ಇರುತ್ತದೆ.

ಒಂದು ಕೆಲಸ ಮಾಡಿ. ಇನ್ನು ಮೇಲೆ ರಿವ್ಯೂ ತೆರೆಯುವ ಮುಂಚೆ, ಅದಕ್ಕೆ ಒಂದು ನಿಮಿಷ ಹಿಂದೆ ಏನು ಮಾಡುತ್ತಿದ್ದಿರಿ ಅಂತ ಒಂದು ಸಾಲು ಬರೆದಿಡಿ. ಎರಡು ವಾರ ಬರೆದರೆ ಸಾಕು. ನೀವು ಯಾವ ಮೆಟ್ಟಿಲಲ್ಲಿ ಎಡವುತ್ತಿದ್ದೀರಿ ಅಂತ ನಿಮಗೇ ಕಾಣುತ್ತದೆ. ಪದ ಬರೆಯುವಲ್ಲಿ ನಿಲ್ಲುವವರಿಗೆ ಬೇಕಾದ ಸಹಾಯವೇ ಬೇರೆ, ಮಿಕ್ಸಿನಲ್ಲಿ ನಿಲ್ಲುವವರಿಗೆ ಬೇಕಾದದ್ದೇ ಬೇರೆ. ಮಿಕ್ಸಿನಲ್ಲಿ ಎಡವುತ್ತಿದ್ದರೆ ಯಾರಾದರೂ ಅನುಭವಿಗಳ ಜೊತೆ ಕೂತು ಒಂದೇ ಒಂದು ಹಾಡನ್ನು ಮುಗಿಸಿ. ಅದಕ್ಕೆ ಕೊಟ್ಟ ಹಣ ಪ್ಲಗಿನ್‌ಗೆ ಕೊಟ್ಟ ಹಣಕ್ಕಿಂತ ಜಾಸ್ತಿ ದಿನ ನಿಮ್ಮ ಜೊತೆ ಇರುತ್ತದೆ.

ಇನ್ನು ನೀವು ಕೇಳಿದ ದಾರಿಗಳು.

ಎಲ್ಲ ಮಾರಿಬಿಡುವುದು. ಈಗಲೇ ಬೇಡ ಅನ್ನುತ್ತೇನೆ. ತಪ್ಪಿತಸ್ಥ ಭಾವದಲ್ಲಿ ಮಾರಿದವರು ಆರು ತಿಂಗಳಲ್ಲಿ ಅದನ್ನೇ ಮತ್ತೆ ಕೊಂಡದ್ದನ್ನು ನೋಡಿದ್ದೇನೆ. ಮಾರುವಾಗಲೂ ನಷ್ಟ, ಕೊಳ್ಳುವಾಗಲೂ ನಷ್ಟ. ಎಷ್ಟೋ ಸಲ ಮೊದಲು ಹೋಗುವುದು ಕಲಿತ ಗಿಟಾರೇ, ಯಾಕಂದರೆ ಅದಕ್ಕೆ ಬೆಲೆ ಕಡಿಮೆ, ಬಿಡುವುದು ಸುಲಭ ಅಂತ ಆಗ ಅನಿಸುತ್ತದೆ. ಅದನ್ನು ಮಾತ್ರ ಮಾರಬೇಡಿ. ಇದರ ಬದಲು ಒಂದು ಗಿಟಾರ್, ಒಂದು ಮೈಕ್, ಇಂಟರ್ಫೇಸ್, ಒಂದು ಕೀಬೋರ್ಡ್ ಹೊರಗಿಡಿ. ಉಳಿದದ್ದನ್ನು ಪೆಟ್ಟಿಗೆಗೆ ಹಾಕಿ ಬೇರೆ ಕೋಣೆಯಲ್ಲಿಡಿ. ಪೆಡಲ್‌ಗಳ ಬ್ಯಾಟರಿ ತೆಗೆದಿಡಿ. ಸೋರಿದ ಬ್ಯಾಟರಿ ಒಳಗಿನ ಸರ್ಕ್ಯೂಟನ್ನು ತಿಂದುಹಾಕುತ್ತದೆ. ಒಂದು ಹಾಡಿಗೆ ನಿಜವಾಗಿ ಬೇಕಾದಾಗ ಮಾತ್ರ ಪೆಟ್ಟಿಗೆ ತೆರೆಯಿರಿ. ಕೆಲವು ತಿಂಗಳಾದ ಮೇಲೂ ತೆರೆಯದೇ ಉಳಿದದ್ದನ್ನು ಮಾರಿ.

ಆಗಲೂ ಮನಸ್ಸು ಬಾರದಿದ್ದರೆ ಆಶ್ಚರ್ಯ ಬೇಡ. 1990ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗದಲ್ಲಿ ಕಾನ್‌ಮನ್, ನೆಟ್ಶ್, ಥೇಲರ್ ಎಂಬ ಮೂವರು ಸಂಶೋಧಕರು ಕೆಲವರಿಗೆ ಒಂದೊಂದು ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಅಂತ ಕೇಳಿದರು. ಮಗ್ ಸಿಗದವರು ಕೊಡಲು ಒಪ್ಪಿದ ಬೆಲೆಯ ಹೆಚ್ಚುಕಡಿಮೆ ಎರಡರಷ್ಟನ್ನು ಸಿಕ್ಕವರು ಕೇಳಿದರು. ಆಗಷ್ಟೇ ಕೈಗೆ ಬಂದ ಮಗ್ಗಿಗೇ ಹೀಗೆ. ನೀವು ಮೂರು ತಿಂಗಳು ಆಸೆಪಟ್ಟು ತಂದ ಕೀಬೋರ್ಡ್ ಬಿಡುವುದು ಕಷ್ಟವಾಗಲೇಬೇಕು. "ಇದು ನನ್ನ ಹತ್ತಿರ ಇಲ್ಲದಿದ್ದರೆ, ಇವತ್ತು ಸೆಕೆಂಡ್ ಹ್ಯಾಂಡ್ ಬೆಲೆ ಕೊಟ್ಟು ಕೊಳ್ಳುತ್ತಿದ್ದೆನಾ?" ಅಂತ ಕೇಳಿಕೊಳ್ಳಿ. ಇಲ್ಲ ಅಂತ ಉತ್ತರ ಬಂದರೆ ಅದು ಹೋಗಲಿ.

"ಒಂದು ಬಂದರೆ ಒಂದು ಹೋಗಬೇಕು" ಅನ್ನುವ ನಿಯಮವನ್ನು ತುಂಬಾ ಜನ ಹೇಳುತ್ತಾರೆ. ಜಾಗ ಉಳಿಸುವುದಕ್ಕೆ ಅದು ಒಳ್ಳೆಯದು. ನಿಮ್ಮ ತೊಂದರೆಗೆ ಅದು ಅಷ್ಟಾಗಿ ಆಗಿಬರುವುದಿಲ್ಲ. ಹುಡುಕಾಟ ನಿಲ್ಲುವುದಿಲ್ಲ, ಅದರ ಜೊತೆ ಮಾರುವ ಓಡಾಟವೂ ಸೇರುತ್ತದೆ.

ಪೂರ್ತಿ ನಿಷೇಧ ಹಾಕಿಕೊಳ್ಳುವುದು ಇನ್ನೊಂದು ದಾರಿ. ಒಂದು ವರ್ಷ ಏನೂ ಕೊಳ್ಳುವುದಿಲ್ಲ ಅಂತ ಶಪಥ ಮಾಡಿದವರು ಹನ್ನೆರಡನೇ ತಿಂಗಳು ಪಟ್ಟಿ ಹಿಡಿದು ಕಾಯುತ್ತಿರುತ್ತಾರೆ. ತಿಂಗಳ ಲೆಕ್ಕ ಬೇಡ, ಹಾಡಿನ ಲೆಕ್ಕ ಇಡಿ. ಮೂರು ಹಾಡು ಮುಗಿಯುವವರೆಗೆ ಏನೂ ಇಲ್ಲ. ಮುಗಿಯುವುದು ಅಂದರೆ ಇನ್ನೊಬ್ಬರಿಗೆ ಕಳಿಸುವುದು. ತಂತಿ, ಕೇಬಲ್, ರಿಪೇರಿ ಈ ನಿಯಮಕ್ಕೆ ಹೊರಗೆ. ಕಿವಿಯ ರಕ್ಷಣೆಗೆ ಇಯರ್‌ಪ್ಲಗ್ ಕೂಡ ಹೊರಗೆ. ಜೋರಾದ ತಾಲೀಮಿಗೆ ಹೋಗುತ್ತಿದ್ದರೆ ಅದನ್ನು ಇವತ್ತೇ ತಗೊಳ್ಳಿ, ಹೋದ ಕಿವಿ ವಾಪಸ್ ಬರುವುದಿಲ್ಲ. ಈ ದಾರಿಗೂ ಒಂದು ಅಪಾಯ ಇದೆ: ಬೇಗ ಮುಗಿಸಿಬಿಡಬೇಕು ಅಂತ ಕಾಟಾಚಾರಕ್ಕೆ ಮೂರು ಹಾಡು ಮಾಡುವುದು. ಪರವಾಗಿಲ್ಲ. ಎರಡು ವರ್ಷ ಏನೂ ಮುಗಿಸದವರಿಗೆ ಮೂರು ಸುಮಾರು ಹಾಡು ಮುಗಿಸುವುದೂ ದೊಡ್ಡ ಕಲಿಕೆ.

ನಾನು ಹೆಚ್ಚಾಗಿ ಹೇಳುವುದು ಎರವಲು ತರುವ ದಾರಿ. ಗೆಳೆಯರಿಂದ ಒಂದು ವಾರಕ್ಕೆ ತನ್ನಿ, ಬಾಡಿಗೆಗೆ ಸಿಕ್ಕರೆ ಬಾಡಿಗೆಗೆ ತನ್ನಿ. ನಿಮ್ಮದೇ ಕೋಣೆಯಲ್ಲಿ, ನಿಮ್ಮದೇ ಹಾಡಿಗೆ ಬಳಸಿ. ಆ ಒಂದು ವಾರದಲ್ಲಿ ಗೊತ್ತಾಗುವಷ್ಟು ನೂರು ವೀಡಿಯೊ ನೋಡಿದರೂ ಗೊತ್ತಾಗುವುದಿಲ್ಲ. ಹೊಸತನದ ಖುಷಿಯೂ ಸಿಗುತ್ತದೆ, ವಸ್ತು ವಾಪಸ್ಸೂ ಹೋಗುತ್ತದೆ. ಹಾಳು ಮಾಡಿದರೆ ಸ್ನೇಹಕ್ಕೆ ಪೆಟ್ಟು, ಅಷ್ಟು ಎಚ್ಚರ ಇರಲಿ.

ಪ್ಲಗಿನ್ ಬಗ್ಗೆ ಎರಡೇ ಮಾತು. ಉಚಿತವಾದದ್ದೂ ಉಚಿತವಲ್ಲ. ಪ್ರತಿಯೊಂದೂ ಮಿಕ್ಸ್ ಮಾಡುವಾಗ ಇನ್ನೊಂದು ಆಯ್ಕೆಯಾಗಿ ಎದುರು ನಿಲ್ಲುತ್ತದೆ, ಕಿವಿ ದಣಿಯುವ ಹೊತ್ತಿಗೆ ಇನ್ನೂ ಯಾವ ಕಂಪ್ರೆಸರ್ (ಜೋರು, ಸಣ್ಣ ಶಬ್ದಗಳ ಅಂತರ ಇಳಿಸುವ ಪ್ಲಗಿನ್) ಅಂತಲೇ ಯೋಚಿಸುತ್ತಿರುತ್ತೀರಿ. ಒಂದು ಈಕ್ಯೂ, ಒಂದು ಕಂಪ್ರೆಸರ್, ಒಂದು ರಿವರ್ಬ್ (ಕೋಣೆಯ ಅನುರಣನ ಸೇರಿಸುವುದು) ಇಟ್ಟುಕೊಂಡು ಮೂರು ಹಾಡನ್ನೂ ಮುಗಿಸಿ. "ಇನ್ನು ಎರಡೇ ಗಂಟೆ" ಅಂತ ಓಡುವ ಗಡಿಯಾರದ ರಿಯಾಯಿತಿಗಳು ಮತ್ತೆ ಬರುತ್ತವೆ. ಆ ಮೇಲ್‌ಗಳನ್ನೆಲ್ಲ ಇವತ್ತೇ ನಿಲ್ಲಿಸಿ.

ಕಡಿಮೆ ಸಾಮಾನಿನಲ್ಲಿ ಒಳ್ಳೆಯ ಕೆಲಸ ಆಗುತ್ತದಾ ಅನ್ನುವ ಅನುಮಾನ ನಿಮಗೆ ಇರಬಹುದು. ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 1982ರ ಆಲ್ಬಂ "ನೆಬ್ರಾಸ್ಕಾ" ರೆಕಾರ್ಡ್ ಆದದ್ದು ಅವರ ಮನೆಯಲ್ಲಿ, ನಾಲ್ಕು ಟ್ರ್ಯಾಕಿನ ಒಂದು ಕ್ಯಾಸೆಟ್ ಯಂತ್ರದಲ್ಲಿ, ಸಾಮಾನ್ಯ ಡೈನಮಿಕ್ ಮೈಕ್‌ಗಳಲ್ಲಿ. ತಂಡಕ್ಕೆ ಕೇಳಿಸಲು ಮಾಡಿಕೊಂಡ ಡೆಮೋ ಅದು. ಆಮೇಲೆ ಸ್ಟುಡಿಯೋದಲ್ಲಿ ತಂಡದ ಜೊತೆ ಮಾಡಿ ನೋಡಿದರು, ಹಾಡುಗಳ ಆ ಗುಣ ಬರಲಿಲ್ಲ, ಕ್ಯಾಸೆಟ್ಟನ್ನೇ ಹೊರತಂದರು. ಅವರು ಅಷ್ಟು ಹೊತ್ತಿಗೆ ಪಳಗಿದ ಹಾಡುಗಾರ, ಅದನ್ನು ಮರೆಯುವ ಹಾಗಿಲ್ಲ. ಆದರೆ ಗಮನಿಸಬೇಕಾದದ್ದು ಅದನ್ನೇ ಅಲ್ವಾ? ಪಳಗಿದ್ದು ಹಾಡುಗಾರ, ಯಂತ್ರವಲ್ಲ.

ಹಾಗಂತ ಏನನ್ನೂ ಕೊಳ್ಳಲೇಬಾರದು ಅಂತ ನಾನು ಹೇಳುವುದಿಲ್ಲ. ವಾದ್ಯ ಮೈಗೆ ನೋವು ಕೊಡುತ್ತಿದ್ದರೆ, ಸೆಟಪ್ ಮಾಡಿಸಿದರೂ ಸರಿಹೋಗದಿದ್ದರೆ, ಬದಲಾಯಿಸಿ. ಕರೆಂಟ್ ಶಾಕ್ ಕೊಡುವ ಆಂಪ್ ಇದ್ದರೆ ಇವತ್ತೇ ಬಳಸುವುದನ್ನು ನಿಲ್ಲಿಸಿ. ಒಂದೇ ಕೊರತೆ ಹಾಡಿನ ಮೇಲೆ ಹಾಡಿನಲ್ಲಿ ಕಾಡುತ್ತಿದ್ದರೆ, ಇರುವುದರಲ್ಲಿ ಮಾಡಬಹುದಾದ್ದನ್ನೆಲ್ಲ ಮಾಡಿದ್ದರೆ, ನಿಮ್ಮ ಗುರುಗಳಿಗೋ ಜೊತೆಗಾರರಿಗೋ ಅದೇ ಕೊರತೆ ಕೇಳಿಸುತ್ತಿದ್ದರೆ, ಕೊಳ್ಳಿ. ಸಂತೋಷವಾಗಿ ಕೊಳ್ಳಿ. ವಾದ್ಯ ಸಂಗ್ರಹವೇ ನಿಮಗೆ ಇಷ್ಟ ಅಂತಾದರೆ ಅದರಲ್ಲೂ ತಪ್ಪಿಲ್ಲ, ಮನೆಯ ಖರ್ಚು ಕಳೆದು ಉಳಿದ ಹಣದಲ್ಲಿ ನಡೆಯುವವರೆಗೆ. ಸಂಗ್ರಹಕ್ಕೆ ಸಂಗ್ರಹ ಅಂತಲೇ ಹೇಳಿ, ಅಷ್ಟೇ. ಅದನ್ನು ಅಭ್ಯಾಸದ ಲೆಕ್ಕಕ್ಕೆ ಸೇರಿಸಬೇಡಿ.

ಇನ್ನು ನಿಮ್ಮ ನೇರ ಪ್ರಶ್ನೆ, ಇದು ಚಟವಾ ಅನ್ನುವುದು. ನಾಲ್ಕು ಗಿಟಾರ್ ಅನ್ನುವುದು ನನಗೆ ದೊಡ್ಡ ವಿಷಯವಾಗಿ ಕಾಣಲಿಲ್ಲ. ಕಾರಿನಲ್ಲಿ ಬಚ್ಚಿಟ್ಟ ಪೆಟ್ಟಿಗೆ ಕಂಡಿತು, ನಡೆಯುತ್ತಿರುವ ಕಂತು ಕಂಡಿತು. ತಡೆಯಲಾಗದೆ ಕೊಳ್ಳುವುದನ್ನು ಮನೋವೈದ್ಯರು 20ನೇ ಶತಮಾನದ ಆರಂಭದಿಂದಲೂ ಗುರುತಿಸಿದ್ದಾರೆ, ಜರ್ಮನಿಯ ಎಮಿಲ್ ಕ್ರೆಪೆಲಿನ್ ಅದರ ಬಗ್ಗೆ ಬರೆದಿದ್ದಾರೆ. ನಿಮಗೆ ಅದು ಇದೆಯೋ ಇಲ್ಲವೋ ಹೇಳುವ ಅರ್ಹತೆ ನನಗಿಲ್ಲ, ನನ್ನ ಕೆಲಸ ಶಬ್ದದ್ದು. ಆದರೆ ಕೆಲವು ಪ್ರಶ್ನೆಗಳನ್ನು ನೀವೇ ಕೇಳಿಕೊಳ್ಳಬಹುದು. ಜಗಳವಾದಾಗ, ಬೇಸರವಾದಾಗಲೇ ಕೊಳ್ಳುತ್ತೀರಾ? ಕೊಂಡ ತಕ್ಷಣ ನಾಚಿಕೆ ಆಗುತ್ತದಾ? ಬೆಲೆಯ ಬಗ್ಗೆ ಮನೆಯಲ್ಲಿ ಸುಳ್ಳು ಹೇಳಿದ್ದೀರಾ? ನಿಲ್ಲಿಸಬೇಕು ಅಂತ ಗಟ್ಟಿಯಾಗಿ ನಿರ್ಧರಿಸಿದ ಮೇಲೂ ಸಾಲ ಮಾಡಿ ಕೊಂಡಿದ್ದೀರಾ? ಇವುಗಳಲ್ಲಿ ಹೆಚ್ಚಿನವಕ್ಕೆ ಹೌದು ಅನ್ನುವ ಉತ್ತರ ಇದ್ದರೆ ಮನೋವೈದ್ಯರನ್ನೋ ಆಪ್ತಸಲಹೆಗಾರರನ್ನೋ ಕಾಣಿ. ಇದಕ್ಕೆ ಮಾತಿನ ಚಿಕಿತ್ಸೆ ಇದೆ, ಅದರಿಂದ ಸಹಾಯವಾಗುತ್ತದೆ. ಅವರು ಸಂಗೀತ ಬಿಡಿ ಅಂತ ಹೇಳುವುದಿಲ್ಲ.

ಉತ್ತರ ಏನೇ ಇರಲಿ, ಹೆಂಡತಿಯ ಜೊತೆ ಈ ವಾರವೇ ಕೂತು ಮಾತಾಡಿ. ಇರುವ ಸಾಮಾನನ್ನೆಲ್ಲ ಬರೆದ ಪಟ್ಟಿ, ಬಾಕಿ ಇರುವ ಕಂತು, ಎರಡನ್ನೂ ಅವರ ಮುಂದಿಡಿ. ಸ್ವಲ್ಪ ಸ್ವಲ್ಪವೇ ಹೇಳಬೇಡಿ, ಹಾಗೆ ಹೇಳಿದರೆ ಪ್ರತಿ ಸಲವೂ ಹೊಸದಾಗಿ ನಂಬಿಕೆ ಒಡೆಯುತ್ತದೆ. ಅವರಿಗೆ ಕೋಪ ಬರಬಹುದು. ಬಂದರೆ ವಾದ ಮಾಡಬೇಡಿ. ಕಂತು ಯಾವಾಗ ಮುಗಿಯುತ್ತದೆ ಅಂತ ಇಬ್ಬರೂ ಸೇರಿ ಲೆಕ್ಕ ಹಾಕಿ. ಅಲ್ಲಿಯವರೆಗೆ ಫೋನಿನಲ್ಲೂ ಬ್ರೌಸರಿನಲ್ಲೂ ಉಳಿಸಿರುವ ಕಾರ್ಡ್ ವಿವರ ಅಳಿಸಿ. ಆಮೇಲೆ ಸಂಗೀತಕ್ಕೆ ತಿಂಗಳಿಗೆ ಇಷ್ಟು ಅಂತ ಒಂದು ಮೊತ್ತ ಇಬ್ಬರೂ ಒಪ್ಪಿ ಬೇರೆ ಇಡಿ. ಖರ್ಚಾಗದಿದ್ದರೆ ಅದು ಮುಂದಿನ ತಿಂಗಳಿಗೆ ಸೇರಲಿ. ಆ ಮೊತ್ತದೊಳಗೆ ಏನು ಕೊಂಡರೂ ಅದು ಮನೆಗೆ ಮುಂಬಾಗಿಲಿನಿಂದಲೇ ಬರಬಹುದು.